ಮೊದಲು ವೈರ್, ಆಮೇಲೆ ಮುಚ್ಚಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ಚಿಕ್ಕ ಟ್ರೈನಿಂಗ್ ವಿಮಾನಗಳ ಬಗ್ಗೆ ಬರೆದಾಗ, ಇಂಧನ ತುಂಬೋಕೆ ಮುಂಚೆ ವಿಮಾನಕ್ಕೆ ಒಂದು ವೈರ್ ಕಚ್ಚಿಸ್ತಾರೆ ಅಂತ ಒಂದು ಸಾಲು ಬರೆದಿದ್ದೆ. ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಅದರ ಬಗ್ಗೇನೇ ಇವೆ. ಬಹಳ ಸಂತೋಷ ಆಯ್ತು, ಯಾಕಂದ್ರೆ ಹ್ಯಾಂಗರ್ ಕೆಲಸದಲ್ಲಿ ಜನ ತೀರಾ ಹಗುರವಾಗಿ ತಗೊಳೋ ವಿಷಯ ಇದೇ. ಈ ಸಲ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನನ್ನ ಮಗಳು ಮಂಡಕಳ್ಳೀಲಿ ಪೈಲಟ್ ಟ್ರೈನಿಂಗ್ ತಗೋತಿದಾಳೆ. ಅವಳು ಕಳಿಸಿದ ವಿಡಿಯೋದಲ್ಲಿ ಒಬ್ರು ಬಂದು ವಿಮಾನದ ಕೆಳಗೆ ಒಂದು ಕ್ಲಿಪ್ ಹಾಕಿ, ಆಮೇಲೆ ಏಣಿ ಹತ್ತಿ ರೆಕ್ಕೆ ಮೇಲೆ ಪೆಟ್ರೋಲ್ ಹಾಕ್ತಾರೆ. ಆ ಕ್ಲಿಪ್ ಯಾಕೆ, ಅದ್ರಲ್ಲಿ ಕರೆಂಟ್ ಬರುತ್ತಾ? ನೋಡಿ ಭಯ ಆಯ್ತು. (ಗೃಹಿಣಿ, ಕುವೆಂಪುನಗರ, ಮೈಸೂರು)

ಉತ್ತರ: ಭಯ ಪಡಬೇಡಿ ಅಮ್ಮ, ಅದ್ರಲ್ಲಿ ಕರೆಂಟ್ ಕೊಡಲ್ಲ. ಆ ಕ್ಲಿಪ್ ಹಾಕ್ದೇ ಇದ್ದಿದ್ರೆ ಭಯ ಪಡಬೇಕಿತ್ತು.

ಚಿಕ್ಕ ಪಿಸ್ಟನ್ ಇಂಜಿನ್ ವಿಮಾನಗಳಿಗೆ ಹಾಕೋದು ಆವ್‌ಗ್ಯಾಸ್ 100 ಎಲ್‌ಎಲ್ ಅನ್ನೋ ಪೆಟ್ರೋಲ್, ನೀಲಿ ಬಣ್ಣ ಹಾಕಿರ್ತಾರೆ. ಬಹಳ ವರ್ಷ ಹೊರದೇಶದಿಂದಾನೇ ತರಿಸ್ತಾ ಇದ್ವಿ, 2022ರಿಂದ ಇಂಡಿಯನ್ ಆಯಿಲ್‌ನವರು ವಡೋದರಾ ರಿಫೈನರೀಲಿ ತಯಾರಿಸ್ತಿದಾರೆ. ಇದು ಮೈನಸ್ 40 ಡಿಗ್ರಿ ಚಳೀಲೂ ಹತ್ತಿಕೊಳ್ಳೋವಷ್ಟು ಆವಿ ಬಿಡುತ್ತೆ, ಹಾಗಾದ್ರೆ ನಮ್ಮ ಮೈಸೂರಿನ ಮಾರ್ಚ್ ಬಿಸಿಲಲ್ಲಿ ರೆಕ್ಕೇಲಿರೋ ಟ್ಯಾಂಕಿನ ಮುಚ್ಚಳ ತೆಗೆದ ತಕ್ಷಣ ಅದರ ಬಾಯಿ ಸುತ್ತ ಏನಿರುತ್ತೆ ಅಂತ ನೀವೇ ಯೋಚಿಸಿ. ಟ್ಯಾಂಕ್ ಒಳಗಡೆ ಆವಿ ಎಷ್ಟು ದಟ್ಟ ಇರುತ್ತೆ ಅಂದ್ರೆ ಅಲ್ಲಿ ಹತ್ತೋಕೆ ಸಾಕಷ್ಟು ಗಾಳೀನೇ ಇರಲ್ಲ. ಆದ್ರೆ ಬಾಯಿ ಹತ್ರ ಆ ಆವಿ ಹೊರಗಿನ ಗಾಳಿ ಜೊತೆ ಬೆರೆತು, ಗಾಳೀಲಿ ಶೇಕಡಾ ಒಂದೂವರೆಯಿಂದ ಏಳೂವರೆವರೆಗೆ ಪೆಟ್ರೋಲ್ ಆವಿ ಇರೋ ಒಂದು ಜಾಗ ಬಂದೇ ಬರುತ್ತೆ. ಹತ್ತೋದು ಅಲ್ಲೇ, ಕೆಲಸದವನ ಮುಖ ಇರೋದೂ ಅಲ್ಲೇ.

ಇನ್ನು ಕಿಡಿ ಎಲ್ಲಿಂದ ಬರುತ್ತೆ ಅಂದ್ರೆ, ಪೆಟ್ರೋಲ್ ಹರಿಯೋದ್ರಿಂದಾನೇ ಬರುತ್ತೆ. ಪೆಟ್ರೋಲಲ್ಲಿ ಕರೆಂಟ್ ಹರಿಯೋದು ತೀರಾ ಕಮ್ಮಿ, ಆದ್ರೆ ಅದರಲ್ಲಿ ಸೇರ್ಕೊಂಡಿರೋ ಚೂರುಪಾರು ಕಲ್ಮಶದಲ್ಲಿ ಪ್ಲಸ್ಸು ಮೈನಸ್ಸು ಎರಡೂ ಚಾರ್ಜ್ ಇರುತ್ತೆ. ಪೈಪಿನ ಗೋಡೆಗೆ ಒಂದು ಜಾತಿ ಅಂಟ್ಕೊಳುತ್ತೆ, ಇನ್ನೊಂದು ಹರಿವಿನ ಜೊತೆ ಟ್ಯಾಂಕಿಗೆ ಹೋಗುತ್ತೆ. ಫಿಲ್ಟರ್ ಇದ್ದಲ್ಲಂತೂ ಪೈಪಿಗಿಂತ ಎಷ್ಟೋ ಪಟ್ಟು ಜಾಸ್ತಿ, ಯಾಕಂದ್ರೆ ಫಿಲ್ಟರಿನ ಸಣ್ಣ ಸಣ್ಣ ತೂತುಗಳಲ್ಲಿ ಪೆಟ್ರೋಲ್ ತಾಗೋ ಜಾಗ ಅಷ್ಟು ದೊಡ್ಡದು. ಜೋರಾಗಿ ಬಿಟ್ರೆ ಇನ್ನೂ ಜಾಸ್ತಿ, ಮೇಲಿಂದ ಚಿಮ್ಮಿಸಿದ್ರೆ ಇನ್ನೂ ಜಾಸ್ತಿ, ನೀರು ಬೆರೆತಿದ್ರೂ ಜಾಸ್ತಿ. ಹೀಗೆ ಇಂಧನ ತಂದಿರೋ ಟ್ಯಾಂಕರ್ ಲಾರೀಲಿ ಒಂದು ಚಾರ್ಜು, ವಿಮಾನದಲ್ಲಿ ಅದರ ವಿರುದ್ಧ ಚಾರ್ಜು ಸೇರ್ತಾ ಹೋಗುತ್ತೆ. ಎರಡರ ಮಧ್ಯೆ ವೈರ್ ಇಲ್ಲ ಅಂದ್ರೆ ಆ ವ್ಯತ್ಯಾಸ ಒಂದಲ್ಲ ಒಂದು ಕಡೆ ಹಾರಿ ಸರಿ ಹೋಗ್ಬೇಕು. ಹಾರೋಕೆ ಹತ್ತಿರದ ಜಾಗ ಯಾವ್ದು? ನಾಝಲ್ (ಪೈಪಿನ ಕೊನೇಲಿರೋ, ಇಂಧನ ಬಿಡೋ ಮೂತಿ) ತುದಿ ಮತ್ತು ಟ್ಯಾಂಕಿನ ಬಾಯಿ.

ವೈರ್ ಹಾಕಿದ್ರೆ ಲಾರಿ, ವಿಮಾನ ಎರಡೂ ಒಂದೇ ವೋಲ್ಟೇಜಲ್ಲಿ ಇರ್ತವೆ, ಕಿಡಿ ಹಾರೋಕೆ ಕಾರಣಾನೇ ಉಳಿಯಲ್ಲ. ನಿಮ್ಮ ವಿಡಿಯೋದಲ್ಲಿ ಇನ್ನೊಂದು ಸಲ ಗಮನ ಇಟ್ಟು ನೋಡಿ, ಮೊದಲು ಕ್ಲಿಪ್, ಆಮೇಲೆ ಮುಚ್ಚಳ. ಈ ಕ್ರಮಾನೇ ಮುಖ್ಯ. ಬಹಳ ಜನಕ್ಕೆ ಗೊತ್ತಿಲ್ದೇ ಇರೋದು ಏನಂದ್ರೆ, ಕ್ಲಿಪ್ ವಿಮಾನಕ್ಕೆ ತಾಗೋ ಆ ಮೊದಲ ಕ್ಷಣದಲ್ಲೇ ಕಿಡಿ ಹಾರಬಹುದು. ಅದು ಹಾರ್ಲಿ, ಪರವಾಗಿಲ್ಲ, ಮುಚ್ಚಳ ಹಾಕಿರುತ್ತೆ, ಕ್ಲಿಪ್ ಟ್ಯಾಂಕಿನ ಬಾಯಿಂದ ದೂರ ಇರುತ್ತೆ, ಅಲ್ಲಿ ಆವಿ ಇಲ್ಲ. ಮುಚ್ಚಳ ತೆಗೆದು ಇಟ್ಟು ಆಮೇಲೆ "ಅಯ್ಯೋ ವೈರ್ ಹಾಕಿಲ್ಲ" ಅಂತ ಓಡಿ ಬಂದು ಕ್ಲಿಪ್ ಹಾಕಿದ್ರೆ ಅದು ಹಾಕ್ದೇ ಇರೋದಕ್ಕಿಂತ ಒಳ್ಳೇದೇನಲ್ಲ. ಅಂಥ ಹೊತ್ತಲ್ಲಿ ಮುಚ್ಚಳ ವಾಪಸ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಮೊದಲಿಂದ ಶುರು ಮಾಡ್ಬೇಕು. ಬಿಚ್ಚುವಾಗ ಉಲ್ಟಾ, ನಾಝಲ್ ತೆಗೆದು ಮುಚ್ಚಳ ಬಿಗಿ ಮಾಡಿದ ಮೇಲೇನೇ ವೈರ್ ಬಿಚ್ಚೋದು.

ನಾಝಲ್‌ಗೆ ಬೇರೆ ಒಂದು ಚಿಕ್ಕ ವೈರ್ ಇರುತ್ತೆ, ಅದನ್ನೂ ಮುಚ್ಚಳ ತೆಗೆಯೋಕೆ ಮುಂಚೆ ರೆಕ್ಕೆ ಹತ್ರ ಅದಕ್ಕೇ ಅಂತ ಕೊಟ್ಟಿರೋ ಜಾಗಕ್ಕೆ ಸೇರಿಸ್ಬೇಕು. ನಾಝಲ್ ತುದಿ ಬಾಯಿಯ ಲೋಹಕ್ಕೆ ತಾಗ್ಕೊಂಡೇ ಇರ್ಬೇಕು, ಮೊದಲು ನಿಧಾನಕ್ಕೆ ಬಿಡ್ಬೇಕು. ಸೆಸ್ನಾ 172 ಅಂಥ ವಿಮಾನದಲ್ಲಿ ಎರಡೂ ರೆಕ್ಕೆ ಸೇರಿ 200 ಲೀಟರ್ ಚಿಲ್ಲರೆ ಹಿಡಿಯುತ್ತೆ, ಅಷ್ಟಕ್ಕೆ ಅವಸರ ಏನಿದೆ? ಮಗಳಿಗೆ ಹೇಳಿ, ಇಂಧನ ತುಂಬೋವಾಗ ದೂರ ನಿಂತು ಫೋಟೋ ತೆಗೆಯೋ ಬದಲು ಒಂದು ದಿನ ಪಕ್ಕದಲ್ಲಿ ನಿಂತು ಈ ಕ್ರಮ ಪೂರ್ತಿ ನೋಡ್ಲಿ. ಪೈಲಟ್ ಆದ್ಮೇಲೆ ಎಷ್ಟೋ ಕಡೆ ತಾನೇ ತುಂಬಿಸ್ಕೋಬೇಕಾಗುತ್ತೆ.

ಪ್ರಶ್ನೆ: ಸಾರ್, ವಿಮಾನದ ಟೈರ್ ರಬ್ಬರ್ ತಾನೆ, ಹಂಗಾದ್ರೆ ಅದು ನೆಲದಿಂದ ಬೇರೆ ಆಗಿರುತ್ತೆ. ವೈರ್‌ನ ಲಾರಿಗೆ ಹಾಕೋ ಬದಲು ನೆಲಕ್ಕೆ ಅರ್ಥಿಂಗ್ ಮಾಡ್ಬೇಕಲ್ವಾ? ಹಳೇ ಟ್ಯಾಂಕರ್ ಲಾರಿ ಹಿಂದೆ ಚೈನ್ ನೇತಾಡ್ತಿತ್ತು, ಅದೂ ಇದಕ್ಕೇನಾ? (ಇಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ)

ಉತ್ತರ: ಒಳ್ಳೇ ಪ್ರಶ್ನೆ, ಇಲ್ಲೇ ಬಹಳ ಜನ ಎಡವೋದು. ಅರ್ಥಿಂಗ್ ಬೇರೆ, ಬಾಂಡಿಂಗ್ ಬೇರೆ. ಕಿಡಿ ಹಾರೋದು ನಾಝಲ್‌ಗೂ ಟ್ಯಾಂಕಿಗೂ ಮಧ್ಯೆ, ಆದ್ರಿಂದ ಅವೆರಡನ್ನ ನೇರವಾಗಿ ಸೇರಿಸೋದು ಮೊದಲ ಕೆಲಸ, ಅದೇ ಬಾಂಡಿಂಗ್. ಲಾರೀನ ಒಂದು ಗೂಟಕ್ಕೆ, ವಿಮಾನಾನ ಇನ್ನೊಂದು ಗೂಟಕ್ಕೆ ಅರ್ಥ್ ಮಾಡಿ ನಿಶ್ಚಿಂತೆಯಿಂದ ಇರೋ ಹಾಗಿಲ್ಲ. ಒಂದು ಗೂಟ ಒಣ ಮಣ್ಣಲ್ಲಿದ್ದು ಸರಿಯಾಗಿ ಅರ್ಥ್ ಆಗಿಲ್ಲ ಅಂದ್ರೆ ಎರಡರ ಮಧ್ಯೆ ವೋಲ್ಟೇಜ್ ಉಳಿದೇ ಇರುತ್ತೆ. ವಿಮಾನಕ್ಕೆ ಇಂಧನ ತುಂಬೋದ್ರ ಬಗ್ಗೆ ಅಮೆರಿಕದ ಎನ್‌ಎಫ್‌ಪಿಎ 407 ಅನ್ನೋ ಸ್ಟ್ಯಾಂಡರ್ಡ್ ಇದೆ, ಅದರಲ್ಲೂ ಒತ್ತು ಕೊಟ್ಟಿರೋದು ಬಾಂಡಿಂಗ್‌ಗೇ.

ಟೈರ್ ಬಗ್ಗೆ ನೀವು ಅಂದ್ಕೊಂಡಿದ್ದು ಪೂರ್ತಿ ಸರಿಯಲ್ಲ. ಟೈರಿಗೆ ಕಾರ್ಬನ್ ಬ್ಲ್ಯಾಕ್ ಬೆರೆಸಿರ್ತಾರೆ, ಅದ್ರಿಂದ ಚಾರ್ಜ್ ನಿಧಾನಕ್ಕೆ ನೆಲಕ್ಕೆ ಇಳಿಯುತ್ತೆ. ಆದ್ರೆ ಟೈರ್ ಹಳೇದೋ ಹೊಸದೋ, ಕೆಳಗೆ ಕಾಂಕ್ರೀಟೋ ಡಾಂಬರೋ, ಒದ್ದೆನೋ ಒಣಗಿದ್ಯೋ, ಇದೆಲ್ಲದರ ಮೇಲೆ ಹೋಗುತ್ತೆ ಅದು. ಚೈನಿನ ಕಥೇನೂ ಅದೇ, ಒಣ ಡಾಂಬರು ರೋಡ್ ಮೇಲೆ ಕುಣೀತಾ ಹೋಗೋ ಚೈನನ್ನ ನಂಬೋಕಾಗಲ್ಲ.

ಕ್ಲಿಪ್ ಎಲ್ಲಿ ಹಾಕ್ಬೇಕು ಅನ್ನೋದೂ ಹೇಳ್ತೀನಿ, ನೀವು ಕೇಳಿಲ್ಲ ಆದ್ರೂ. ಪೇಂಟ್ ಇಲ್ದಿರೋ ಬರೀ ಲೋಹಕ್ಕೆ ಹಾಕ್ಬೇಕು. ಆ ವಿಮಾನದ ಮ್ಯಾನ್ಯುಯಲಲ್ಲಿ ಜಾಗ ಹೇಳಿರ್ತಾರೆ, ಚಿಕ್ಕ ವಿಮಾನಗಳಲ್ಲಿ ಸಾಮಾನ್ಯವಾಗಿ ಹಗ್ಗ ಕಟ್ಟೋ ರಿಂಗ್, ಇಲ್ಲಾ ಎಕ್ಸಾಸ್ಟ್ ಪೈಪ್. ಪ್ರೊಪೆಲ್ಲರ್‌ಗೆ ಹಾಕ್ಬಾರ್ದು, ಆಂಟೆನಾಗೆ ಹಾಕ್ಬಾರ್ದು. ಒಂದು ಕಡೆ ನಾನು ಕಣ್ಣಾರೆ ನೋಡಿದೀನಿ, ರೆಕ್ಕೆಗೆ ಊರುಗೋಲಾಗಿರೋ ಸ್ಟ್ರಟ್ ಮೇಲೆ ದಪ್ಪ ಬಿಳಿ ಪೇಂಟ್, ಅದರ ಮೇಲೆ ನೀಟಾಗಿ ಕ್ಲಿಪ್ ಕಚ್ಚಿಸಿ ಇಂಧನ ತುಂಬ್ತಾ ಇದ್ರು. ಹತ್ರ ಹೋಗಿ ನೋಡಿದ್ರೆ ಕ್ಲಿಪ್ಪಿನ ಹಲ್ಲು ಪೂರ್ತಿ ಸವೆದು ನುಣ್ಣಗಾಗಿ, ಪೇಂಟ್ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಅಂದ್ರೆ ಆ ವೈರ್ ಸುಮ್ನೆ ಜೋತಾಡ್ತಾ ಇತ್ತು ಅಷ್ಟೆ. ಅಲ್ಲಿ ಅದೇ ರೂಢಿ ಆಗಿಹೋಗಿತ್ತು. ನೋಡಿ ನಂಗೆ ತುಂಬಾ ಬೇಜಾರಾಯ್ತು, ಯಾಕಂದ್ರೆ ಕೆಲಸ ಮಾಡೋ ಹುಡುಗ್ರಿಗೆ ಯಾರೂ ಕಾರಣ ಹೇಳ್ಕೊಟ್ಟಿರಲಿಲ್ಲ, ಕ್ಲಿಪ್ ಹಾಕು ಅಂತ ಮಾತ್ರ ಹೇಳಿದ್ರು.

ಪ್ರಶ್ನೆ: ಚಳಿಗಾಲದಲ್ಲಿ ಕಾರ್ ಬಾಗಿಲು ಮುಟ್ಟಿದ್ರೆ ಚುರ್ ಅಂತ ಶಾಕ್ ಹೊಡೆಯುತ್ತೆ. ಅಷ್ಟು ಚಿಕ್ಕ ಕಿಡಿಗೆ ಪೆಟ್ರೋಲ್ ಹತ್ಕೊಳುತ್ತಾ, ನಿಜವಾಗ್ಲೂ? (ಬ್ಯಾಂಕ್ ಉದ್ಯೋಗಿ, ನಂಜನಗೂಡು)

ಉತ್ತರ: ಹತ್ಕೊಳುತ್ತೆ. ಲೆಕ್ಕಾನೇ ನೋಡಿ. ಪೆಟ್ರೋಲ್ ಆವಿ ಗಾಳಿ ಜೊತೆ ಸರಿಯಾದ ಪ್ರಮಾಣದಲ್ಲಿ ಬೆರೆತಿದ್ರೆ ಅದನ್ನ ಹತ್ತಿಸೋಕೆ ಸುಮಾರು ಕಾಲು ಮಿಲಿಜೂಲ್ ಶಕ್ತಿ ಸಾಕು. ನಮ್ಮ ಮೈ 150 ಪಿಕೋಫ್ಯಾರಡ್ ಆಸುಪಾಸಿನ ಒಂದು ಕೆಪಾಸಿಟರ್, ಅಂದ್ರೆ ಚಾರ್ಜ್ ಹಿಡಿದಿಟ್ಕೊಳೋ ಸಾಧನ ಇದ್ದಂಗೆ. ನಮಗೆ ಚುರ್ ಅಂತ ಗೊತ್ತಾಗ್ಬೇಕು ಅಂದ್ರೆ ಮೈ ಮೇಲೆ ಸುಮಾರು 3000 ವೋಲ್ಟ್ ಸೇರಿರ್ಬೇಕು, ಆಗ ಕಿಡೀಲಿ 0.67 ಮಿಲಿಜೂಲ್ ಇರುತ್ತೆ, ಅಂದ್ರೆ ಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಜಾಸ್ತಿ. 2000 ವೋಲ್ಟ್ ಅಂದ್ಕೊಳ್ಳಿ, ನಮಗೆ ಏನೂ ಗೊತ್ತೇ ಆಗಲ್ಲ, ಆದ್ರೂ 0.3 ಮಿಲಿಜೂಲ್ ಇರುತ್ತೆ, ಅದೂ ಸಾಕು. ನಮ್ಮ ಬೆರಳಿಗೆ ತಿಳಿಯದ ಕಿಡಿ ಪೆಟ್ರೋಲಿಗೆ ತಿಳಿಯುತ್ತೆ. ಅದಕ್ಕೇ "ನಂಗೇನೂ ಶಾಕ್ ಹೊಡೀಲಿಲ್ಲ, ಎಲ್ಲಾ ಸರಿ ಇದೆ" ಅನ್ನೋ ಮಾತನ್ನ ನಾನು ಒಪ್ಪಲ್ಲ.

ನಮ್ಮ ಕಡೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಗಾಳಿ ಒಣಗಿರುತ್ತೆ, ಬೆಳಗ್ಗೆ ಹೊತ್ತು ಚಳಿ ಅಂತ ಪಾಲಿಯೆಸ್ಟರ್ ಜಾಕೆಟ್ಟೋ ಉಣ್ಣೆ ಸ್ವೆಟರೋ ಹಾಕಿರ್ತೀವಿ, ಬಿಸಿಲು ಏರಿದಾಗ ಅಲ್ಲೇ ನಿಂತು ತೆಗೀತೀವಿ. ಆ ತೆಗೆಯೋ ಹೊತ್ತಲ್ಲೇ ಮೈ ಮೇಲೆ ಸಾವಿರಗಟ್ಟಲೆ ವೋಲ್ಟ್ ಸೇರ್ಕೊಳುತ್ತೆ. ಏರ್‌ಪೋರ್ಟಲ್ಲಾಗ್ಲಿ ಪೆಟ್ರೋಲ್ ಬಂಕಲ್ಲಾಗ್ಲಿ ಇಂಧನ ತುಂಬೋ ಜಾಗದಲ್ಲಿ ಜಾಕೆಟ್ ತೆಗೀಬೇಡಿ, ಹಾಕ್ಕೋಬೇಡಿ. ಹತ್ತಿ ಬಟ್ಟೆ ಒಳ್ಳೇದು. ಏಣಿ ಹತ್ತಿದವನು ಮುಚ್ಚಳ ಮುಟ್ಟೋಕೆ ಮುಂಚೆ ದೂರದಲ್ಲಿ ಪೇಂಟ್ ಇಲ್ದಿರೋ ಲೋಹದ ಭಾಗಾನ ಬರಿಗೈಲಿ ಮುಟ್ಬೇಕು, ಯಾಕಂದ್ರೆ ಮರದ ಏಣಿ, ಫೈಬರ್ ಏಣಿ ಮೇಲೆ ನಿಂತವನ ಚಾರ್ಜ್ ಇಳಿಯೋಕೆ ದಾರೀನೇ ಇರಲ್ಲ. ಪಕ್ಕದಲ್ಲಿ ಇನ್ನೊಬ್ರು ಅದೇ ಹೊತ್ತಿಗೆ ಒಣ ಬಟ್ಟೇಲಿ ವಿಂಡ್‌ಶೀಲ್ಡ್ ಉಜ್ಜೋದು ಬೇಡ, ಅದು ಅಕ್ರಿಲಿಕ್, ಉಜ್ಜಿದಷ್ಟೂ ಚಾರ್ಜ್ ಸೇರುತ್ತೆ.

ಬಂಕಲ್ಲಿ ನಾಝಲ್ ಲಾಕ್ ಮಾಡಿ ಕಾರೊಳಗೆ ಹೋಗಿ ಕೂತು, ಆಮೇಲೆ ಇಳಿದು ಬಂದು ನಾಝಲ್ ಮುಟ್ಟಿದವರಿಗೆ ಬೆಂಕಿ ಹತ್ತಿರೋದು ಅಮೆರಿಕದಲ್ಲಿ ಸುಮಾರು ಸಲ ಆಗಿದೆ, ಸೀಟಿಂದ ಏಳೋವಾಗ ಬಟ್ಟೆ ಉಜ್ಜಿ ಚಾರ್ಜ್ ಸೇರುತ್ತೆ. ನಮ್ಮಲ್ಲಿ ಬಂಕಿನ ಹುಡುಗ್ರೇ ಹಾಕೋದ್ರಿಂದ ಆ ತೊಂದ್ರೆ ಕಮ್ಮಿ. ಒಂದು ವೇಳೆ ಹಾಕೋವಾಗ ಬೆಂಕಿ ಕಾಣಿಸಿದ್ರೆ ನಾಝಲ್ ಎಳೀಬೇಡಿ, ಎಳೆದ್ರೆ ಪೆಟ್ರೋಲ್ ಸುತ್ತಾ ಚೆಲ್ಲಿ ಬೆಂಕೀನೂ ಹರಡುತ್ತೆ. ಅಲ್ಲೇ ಬಿಟ್ಟು ದೂರ ಹೋಗಿ ಪಂಪ್ ಆಫ್ ಮಾಡೋಕೆ ಕೂಗಿ ಹೇಳಿ.

ಪ್ರಶ್ನೆ: ಅಣ್ಣಾ, ನಾವು ಫ್ರೆಂಡ್ಸ್ ಸೇರ್ಕಂಡು ಪ್ಯಾರಾಮೋಟರ್ (ಬೆನ್ನಿಗೆ ಇಂಜಿನ್ ಕಟ್ಕಂಡು ಪ್ಯಾರಾಚೂಟ್ ಥರದ ರೆಕ್ಕೇಲಿ ಹಾರೋದು) ಹಾರಿಸ್ತೀವಿ. ಬಂಕಿಂದ ಪೆಟ್ರೋಲ್‌ನ ಪ್ಲಾಸ್ಟಿಕ್ ಕ್ಯಾನಲ್ಲಿ ತುಂಬಿಸ್ಕಂಡು ಪಿಕಪ್ ಹಿಂದ್ಗಡೆ ಇಟ್ಕಂಡು ಬತ್ತೀವಿ, ಆಯಿಲ್ ಬೆರೆಸಿ ಪ್ಲಾಸ್ಟಿಕ್ ಫನಲ್ ಮೇಲೆ ತೆಳು ಚರ್ಮದ ಬಟ್ಟೆ ಹಾಕಿ ಸೋಸ್ತೀವಿ. ಕ್ಯಾನ್ ಪ್ಲಾಸ್ಟಿಕ್ ಆದ್ರೆ ಅದ್ರಲ್ಲಿ ಕರೆಂಟೇ ಹರಿಯಲ್ವಲ್ಲ, ಹಂಗಾದ್ರೆ ಸೇಫ್ ಅಲ್ವಾ? (ಪಾಂಡವಪುರ)

ಉತ್ತರ: ಇಲ್ಲ ತಮ್ಮಾ, ಪೂರ್ತಿ ಉಲ್ಟಾ. ನಿನ್ನ ಪತ್ರ ಓದಿ ಮೊದಲು ಇದಕ್ಕೇ ಉತ್ತರ ಬರೆಯೋಕೆ ಕೂತೆ.

ಪ್ಲಾಸ್ಟಿಕ್‌ನಲ್ಲಿ ಹರಿಯಲ್ಲ ಅನ್ನೋದೇ ಅಪಾಯ. ಲೋಹದ ಡಬ್ಬ ಆದ್ರೆ ಒಂದು ವೈರ್ ಹಾಕಿದ್ರೆ ಅದರ ಮೇಲಿನ ಚಾರ್ಜ್ ಎಲ್ಲಾ ಹೋಗುತ್ತೆ. ಪ್ಲಾಸ್ಟಿಕ್ ಕ್ಯಾನಿಗೆ ಎಷ್ಟು ವೈರ್ ಸುತ್ತಿದ್ರೂ, ವೈರ್ ತಾಗಿರೋ ಅಷ್ಟಗಲದ ಚಾರ್ಜ್ ಬಿಟ್ರೆ ಮಿಕ್ಕಿದ್ದು ಇದ್ದಲ್ಲೇ ಇರುತ್ತೆ, ಒಳಗಿನ ಪೆಟ್ರೋಲಿನ ಚಾರ್ಜಿಗೂ ಇಳಿಯೋಕೆ ದಾರಿ ಇಲ್ಲ. ಅದನ್ನ ಪಿಕಪ್ ಹಿಂದೆ ಇಟ್ಟು, ಅದೂ ಪ್ಲಾಸ್ಟಿಕ್ ಶೀಟ್ ಹಾಸಿರೋ ಪಿಕಪ್ಪಲ್ಲಿ, ಅಲ್ಲೇ ನಿಂತು ಬಂಕಲ್ಲಿ ತುಂಬಿಸೋದು ಇನ್ನೂ ಕೆಟ್ಟದ್ದು. ಅಂಥ ಶೀಟ್ ಮೇಲೆ ಲೋಹದ ಡಬ್ಬ ಇಟ್ಟು ತುಂಬಿಸಿದಾಗ್ಲೂ ಬೆಂಕಿ ಹತ್ತಿದೆ, ಯಾಕಂದ್ರೆ ಡಬ್ಬ ನೆಲದಿಂದ ಬೇರೆ ಆಗಿಬಿಡುತ್ತೆ. ಡಬ್ಬಾನ ಇಳಿಸಿ ನೆಲದ ಮೇಲೆ ಇಟ್ಟು, ನಾಝಲ್‌ನ ಡಬ್ಬದ ಬಾಯಿಗೆ ತಾಗಿಸ್ಕೊಂಡೇ ನಿಧಾನಕ್ಕೆ ತುಂಬಿಸ್ಬೇಕು.

ನಿಮ್ಮ ಫನಲ್ ವಿಷಯ ಇನ್ನೂ ಕಷ್ಟ. ಪ್ಲಾಸ್ಟಿಕ್ ಫನಲ್, ಅದರ ಮೇಲೆ ಒಣ ಚರ್ಮ, ಅದರೊಳಗಿಂದ ಪೆಟ್ರೋಲ್ ಸೋರೋದು ಅಂದ್ರೆ ಮೇಲೆ ಹೇಳಿದ ಫಿಲ್ಟರ್ ಕೆಲಸಾನೇ ನೀವು ಕೈಯಾರೆ ಮಾಡ್ತಾ ಇದೀರಾ, ಅದೂ ಬಾಯಿ ತೆರೆದ ಟ್ಯಾಂಕ್ ಮೇಲೆ. ಲೋಹದ ಜಾಲರಿ ಇರೋ ಲೋಹದ ಫನಲ್ ತಗೊಳ್ಳಿ, ಇಲ್ಲಾ ಕಾರ್ಬನ್ ಬೆರೆಸಿರೋ ಕಪ್ಪು ಫನಲ್ ಬರುತ್ತೆ, ನೀರನ್ನೂ ತಡೆಯುತ್ತೆ, ಅದರಲ್ಲಿ ಚಾರ್ಜ್ ಹರಿಯುತ್ತೆ. ಡಬ್ಬ, ಫನಲ್, ಮೋಟರಿನ ಫ್ರೇಮ್ ಮೂರನ್ನೂ ಕ್ಲಿಪ್ ಇರೋ ವೈರಲ್ಲಿ ಒಂದಕ್ಕೊಂದು ಸೇರಿಸಿ, ಆಮೇಲೆ ಮುಚ್ಚಳ ತೆಗೀರಿ. ಪ್ಯಾರಾಮೋಟರ್ ಟ್ಯಾಂಕ್ ಸಾಮಾನ್ಯವಾಗಿ ಪ್ಲಾಸ್ಟಿಕ್ಕೇ ಇರುತ್ತೆ, ಅದನ್ನ ಬಾಂಡ್ ಮಾಡೋಕಾಗಲ್ಲ, ಹಾಗಾಗಿ ಫನಲ್ಲಿನ ಕೊಳವೆ ಟ್ಯಾಂಕಿನ ತಳದ ಹತ್ರ ಹೋಗ್ಬೇಕು, ಮೇಲಿಂದ ಚಿಮ್ಮಿಸ್ಬಾರ್ದು, ತುಂಬಾ ನಿಧಾನಕ್ಕೆ ಹಾಕ್ಬೇಕು. ಇಂಜಿನ್ ಬಿಸಿ ಇರೋವಾಗ ಬೇಡವೇ ಬೇಡ. ಹಾರಿ ಇಳಿದ ತಕ್ಷಣ ಹಾಕೋ ಆತುರ ನಿಮ್ಮಂಥ ಹುಡುಗ್ರಲ್ಲಿ ಜಾಸ್ತಿ ಅಂತ ಗೊತ್ತು, ದಯವಿಟ್ಟು ಬಿಡ್ರಪ್ಪ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗದ್ದೆ ಬದಿಯ ತಗ್ಗಲ್ಲಿ ನಿಂತ್ಕೊಳುತ್ತೆ, ಅಲ್ಲೇ ಯಾರಾದ್ರೂ ಬೀಡಿ ಹಚ್ಚಿದ್ರೆ ಸ್ಟ್ಯಾಟಿಕ್ ಕಿಡೀನೂ (ಹೀಗೆ ಸೇರ್ಕೊಂಡ ಚಾರ್ಜಿನ ಕಿಡಿ) ಬೇಕಾಗಲ್ಲ.

ಕಾನೂನೂ ಒಂದಿದೆ. 1934ರ ಪೆಟ್ರೋಲಿಯಂ ಆಕ್ಟ್ ಪ್ರಕಾರ ಲೈಸೆನ್ಸ್ ಇಲ್ದೆ ಸ್ವಂತಕ್ಕೆ ಇಟ್ಕೊಳೋ ಪೆಟ್ರೋಲ್ ಒಟ್ಟು 30 ಲೀಟರ್ ದಾಟಬಾರ್ದು, ಲೋಹದ ಡಬ್ಬ ಒಂದೊಂದೂ 25 ಲೀಟರ್ ಮೀರಬಾರ್ದು, ಮುಚ್ಚಳ ಭದ್ರ ಇರ್ಬೇಕು.

ಪ್ರಶ್ನೆ: ಜೆಟ್ ವಿಮಾನಗಳಿಗೆ ಹಾಕೋ ಇಂಧನ ಜೆಟ್ ಎ-1 ಅಂದ್ರೆ ಸೀಮೆಎಣ್ಣೆ ಥರಾನೇ ಅಲ್ವಾ, ಅದಕ್ಕೂ ಇಷ್ಟೆಲ್ಲಾ ಬೇಕಾ? (ನಿವೃತ್ತ ಶಿಕ್ಷಕರು, ಶ್ರೀರಂಗಪಟ್ಟಣ)

ಉತ್ತರ: ಬೇಕು ಮೇಷ್ಟ್ರೇ. ಅದರ ಆವಿ ಕಿಡಿಗೆ ಹತ್ಕೊಳೋದು 38 ಡಿಗ್ರಿ ದಾಟಿದ ಮೇಲೆ ಅನ್ನೋದು ನಿಜ, ಆದ್ರೆ ಬಿಸಿಲಲ್ಲಿ ಕಾದ ರೆಕ್ಕೆ ಅದಕ್ಕಿಂತ ಬಿಸಿ ಇರುತ್ತೆ, ಮತ್ತೆ ಚಿಮ್ಮಿ ಮಂಜಿನ ಥರ ಆದ್ರೆ 38 ಡಿಗ್ರಿಗಿಂತ ಕೆಳಗೂ ಹತ್ಕೊಳುತ್ತೆ. ಎಲ್ಲಕ್ಕಿಂತ ಅಪಾಯ ಯಾವ್ದು ಅಂದ್ರೆ, ಮೊದಲು ಪೆಟ್ರೋಲ್ ಇದ್ದ ಟ್ಯಾಂಕರ್‌ಗೋ ಡ್ರಮ್ಮಿಗೋ ಪೂರ್ತಿ ಕ್ಲೀನ್ ಮಾಡ್ದೆ ಜೆಟ್ ಎ-1 ಅಥ್ವಾ ಡೀಸೆಲ್ ತುಂಬೋದು. ಪೆಟ್ರೋಲಿನ ಆವಿ ಒಳಗೆ ಉಳಿದಿರುತ್ತೆ, ಹೊಸ ಎಣ್ಣೆ ಚಾರ್ಜ್ ಹೊತ್ಕೊಂಡು ಬರುತ್ತೆ. ಜೆಟ್ ಎ-1ಗೆ ಚಾರ್ಜ್ ಬೇಗ ಇಳಿಯೋಕೆ ಅಂತ ಒಂದು ಅಡಿಟಿವ್ ಬೆರೆಸ್ತಾರೆ, ಆದ್ರೆ ಅದಿದೆ ಅಂತ ವೈರ್ ಬಿಡೋ ಹಾಗಿಲ್ಲ.

ಪ್ರಶ್ನೆ: ನಾನು ಒಂದು ಏರ್‌ಸ್ಟ್ರಿಪ್‌ನಲ್ಲಿ ಹೊಸದಾಗಿ ಇಂಧನ ತುಂಬೋ ಕೆಲಸಕ್ಕೆ ಸೇರಿದೀನಿ. ಸೀನಿಯರ್‌ಗಳು ಮಳೆಗಾಲದಲ್ಲಿ ಗಾಳಿ ಒದ್ದೆ ಇರುತ್ತೆ, ವೈರ್ ಅಷ್ಟು ಮುಖ್ಯ ಅಲ್ಲ ಅಂತಾರೆ. ಹೌದಾ? ಮತ್ತೆ ವೈರ್ ಸರಿ ಇದ್ಯಾ ಅಂತ ಹೆಂಗೆ ನೋಡೋದು? (ಮಳವಳ್ಳಿ)

ಉತ್ತರ: ಗಾಳಿ ಒದ್ದೆ ಇದ್ರೆ ಬಟ್ಟೆ ಮೇಲಿನ, ಮೈ ಮೇಲಿನ ಚಾರ್ಜ್ ಬೇಗ ಇಳಿಯುತ್ತೆ, ಅದು ಸರಿ. ಆದ್ರೆ ಪೈಪೊಳಗೆ, ಫಿಲ್ಟರೊಳಗೆ ಹರಿಯೋ ಪೆಟ್ರೋಲಿಗೆ ಹೊರಗಿನ ತೇವ ತಾಗಲ್ಲ ಅಲ್ವಾ, ಅಲ್ಲಿ ಚಾರ್ಜ್ ಆಗೋದು ಆಗೇ ಆಗುತ್ತೆ. ಆದ್ರಿಂದ ಸೀನಿಯರ್‌ಗಳ ಮೇಲೆ ಗೌರವ ಇಟ್ಕೊಂಡೇ ವೈರ್ ಹಾಕಿ, ಯಾವ ತಿಂಗಳಾದ್ರೂ. ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು ಕೇಳಿಸಿದ್ರೆ ಮಾತ್ರ ಹಾಕೋ ಬಿಡೋ ಮಾತೇ ಇಲ್ಲ, ಕೆಲಸ ನಿಲ್ಲಿಸಿ ಮುಚ್ಚಳ ಹಾಕಿ ಒಳಗೆ ಹೋಗಿ. ಸಿಡಿಲಿನ ಮುಂದೆ ಯಾವ ಬಾಂಡಿಂಗ್ ವೈರೂ ನಿಲ್ಲಲ್ಲ.

ವೈರ್ ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು, ಲಾರಿ ಹತ್ರ ಆವಿ ಇಲ್ದಿರೋ ಹೊತ್ತಲ್ಲಿ ಮಾಡಿ. ಒಂದು ಪ್ರೋಬ್ ಕ್ಲಿಪ್ಪಿನ ಹಲ್ಲಿಗೆ, ಇನ್ನೊಂದು ಲಾರಿ ಚಾಸಿಯ ಬರೀ ಲೋಹಕ್ಕೆ. ಸ್ಟ್ಯಾಟಿಕ್ ಇಳಿಯೋಕೆ ಹತ್ತು ಲಕ್ಷ ಓಮ್ ಇದ್ರೂ ನಡೆಯುತ್ತೆ, ಆದ್ರೆ ಲೋಹದ ವೈರಲ್ಲಿ 10 ಓಮ್‌ಗಿಂತ ಜಾಸ್ತಿ ತೋರಿಸಿದ್ರೆ ಎಲ್ಲೋ ಎಳೆ ಕಿತ್ತಿದೆ ಇಲ್ಲಾ ಜಾಯಿಂಟ್ ತುಕ್ಕು ಹಿಡಿದಿದೆ ಅಂತ ಅರ್ಥ. ಮೀಟರ್ ನೋಡ್ತಾ ವೈರನ್ನ ಉದ್ದಕ್ಕೂ ಬಗ್ಗಿಸಿ, ಎಳೆದು ನೋಡಿ, ಯಾಕಂದ್ರೆ ರೀಲ್ ಮೇಲೆ ಸುತ್ತಿದಾಗ ಸರಿಯಾಗಿ ತೋರಿಸಿ, ಎಳೆದಾಗ ಕಡಿದುಹೋಗೋ ವೈರ್‌ಗಳು ಬಹಳ. ಸಾಮಾನ್ಯವಾಗಿ ಮುರಿಯೋದು ಕ್ಲಿಪ್ಪಿಗೆ ಸೇರೋ ಜಾಗದಲ್ಲಿ, ಪ್ಲಾಸ್ಟಿಕ್ ಹೊದಿಕೆ ಇದ್ರೆ ಹೊರಗಿಂದ ಕಾಣ್ಸಲ್ಲ. ಕ್ಲಿಪ್ ಸ್ಪ್ರಿಂಗ್ ಸಡಿಲ ಆಗಿದ್ರೆ, ಹಲ್ಲು ಸವೆದಿದ್ರೆ ಕ್ಲಿಪ್ ಬದಲಾಯಿಸಿ, ದೊಡ್ಡ ಖರ್ಚೇನಲ್ಲ. ನಾಝಲ್‌ನ ಚಿಕ್ಕ ವೈರನ್ನೂ ಹೀಗೇ ನೋಡಿ, ಏಣಿಗೆ ಸಿಕ್ಕಿ ಸಿಕ್ಕಿ ಅದೇ ಮೊದಲು ಹಾಳಾಗೋದು. ರೀಡಿಂಗ್ ಎಷ್ಟು ಬಂತು ಅಂತ ತಾರೀಖು ಹಾಕಿ ರಿಜಿಸ್ಟರಲ್ಲಿ ಬರೆದಿಡಿ, ವಾರ ವಾರಕ್ಕೂ ಏರ್ತಾ ಇದ್ರೆ ಮುರಿಯೋಕೆ ಮುಂಚೇನೇ ಗೊತ್ತಾಗುತ್ತೆ.